ಸುಡದೆ ಉಳಿದ ಒಂದು ಕಾರ್ಬನ್ ಹಾಳೆ

ಗೌಪ್ಯ ಶಾಖೆಗೆ ಕೆಲಸಕ್ಕೆ ಸೇರುವವರು ಈಗ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಕಾರ್ಬನ್ ಹಾಳೆಯನ್ನು ಮುಟ್ಟಿಯೂ ಇರಲಿಕ್ಕಿಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಎರಡು ಬಿಳಿ ಹಾಳೆಗಳ ನಡುವೆ ಮಸಿ ಹಚ್ಚಿದ ತೆಳು ಹಾಳೆಯೊಂದನ್ನು ಇಟ್ಟು ಟೈಪ್ ಮಾಡಿದರೆ ಕೆಳಗಿನ ಹಾಳೆಯ ಮೇಲೂ ಅಕ್ಷರ ಮೂಡುತ್ತವೆ. ಆ ಮಸಿ ಹಾಳೆಯೇ ಕಾರ್ಬನ್. ಹತ್ತಾರು ಸಲ ಬಳಸಿದ ಕಾರ್ಬನ್ನಿನಲ್ಲಿ ಅಕ್ಷರದ ಮೇಲೆ ಅಕ್ಷರ ಬಿದ್ದು ಏನೂ ಓದಲು ಬಾರದು. ಆದರೆ ಒಂದೇ ಸಲ ಬಳಸಿದ ಹೊಸ ಕಾರ್ಬನ್ನನ್ನು ಬೆಳಕಿಗೆ ಹಿಡಿದರೆ ಇಡೀ ಪತ್ರವನ್ನು ಓದಬಹುದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ಕೆಲಸವನ್ನು ಈಗ ಬರೆಯುತ್ತಿದ್ದೇನೆ.

ಹೈಸ್ಕೂಲು ಮುಗಿಸಿ, ಕನ್ನಡ ಟೈಪಿಂಗ್ ಪರೀಕ್ಷೆ ಪಾಸಾಗಿ, ಎಪ್ಪತ್ತರ ದಶಕದ ಮೊದಲಲ್ಲಿ ರಾಯಚೂರಿನ ಒಂದು ಸರ್ಕಾರಿ ಕಚೇರಿಗೆ ಸೇರಿದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಇಲ್ಲಿ ಬರುವ ಹೆಸರುಗಳನ್ನೂ ಬದಲಿಸಿದ್ದೇನೆ. ಅಷ್ಟನ್ನಾದರೂ ತಡವಾಗಿ ಕಲಿತೆ.

ಗೌಪ್ಯ ಶಾಖೆಯಲ್ಲಿ ಆಗ ಶಿರಸ್ತೇದಾರರಾಗಿದ್ದವರು ವೆಂಕಟರಾವ್. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಡತ ಬರೆದು ಪಳಗಿದ ಕೈ. ನಾನು ಸೇರಿದ ಮೊದಲ ದಿನವೇ ಒಂದು ಒತ್ತು ಕಾಗದವನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ಕೈಗೆ ಕ್ಷೌರದ ಕನ್ನಡಿ ಕೊಟ್ಟರು. ಶಾಯಿ ಹೀರಿದ ಆ ಒತ್ತು ಕಾಗದವನ್ನು ಕನ್ನಡಿಗೆ ಹಿಡಿದರೆ, ಬೆಳಿಗ್ಗೆ ಅವರೇ ಬರೆದ ಟಿಪ್ಪಣಿಯ ಎರಡು ಸಾಲು ನೇರವಾಗಿ ಕಾಣಿಸಿದವು.

"ತಮ್ಮಾ, ಕಾಗದ ಬೀಗದಾಗ ಇಟ್ಟರ ಮುಗೀತು ಅಂತ ತಿಳೀಬ್ಯಾಡ. ಬರದಿದ್ದು ಎಲ್ಲೆಲ್ಲಿ ಅಂಟಿಕೊಂಡದ ಅದನ್ನ ನೋಡು" ಎಂದರು.

ಅವರದು ಇನ್ನೊಂದು ಉಪಾಯವಿತ್ತು. 'ಗೌಪ್ಯ' ಎಂದು ಕೆಂಪು ಮುದ್ರೆ ಒತ್ತಿದ ಕಡತ ಕಂಡರೆ ಜವಾನನಿಂದ ಹಿಡಿದು ಗುತ್ತಿಗೆದಾರರವರೆಗೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು. ಹಾಗಾಗಿ ಬಹಳ ಸೂಕ್ಷ್ಮವಾದ ಕಾಗದಗಳನ್ನು ಅವರು 'ಕುಡಿಯುವ ನೀರಿನ ಹೂಜಿ ಖರೀದಿ' ಎಂಬ ಕಡತದೊಳಗೆ ಇಡುತ್ತಿದ್ದರು. ರಾಯಚೂರಿನ ಬಿಸಿಲಿನಲ್ಲೂ ಆ ಕಡತವನ್ನು ಒಬ್ಬರೂ ಬಿಚ್ಚಲಿಲ್ಲ. ಒಮ್ಮೆ ಹೊಸ ಸಾಹೇಬರು ನಿಜವಾಗಿಯೇ ಹೂಜಿ ಕೊಳ್ಳಲು ಹೊರಟು ಆ ಕಡತ ಕೇಳಿದಾಗ, ವೆಂಕಟರಾಯರು ಬೆವರು ಒರೆಸಿಕೊಳ್ಳುತ್ತ ತಮ್ಮ ಮನೆಯಿಂದಲೇ ಎರಡು ಹೂಜಿ ತರಿಸಿ ಇಟ್ಟು ಮಾತು ಮುಗಿಸಿದರು.

ಕಾರ್ಬನ್ನಿಗೂ ಒಂದು ಪದ್ಧತಿ ಇತ್ತು. ಗೌಪ್ಯ ಪತ್ರಕ್ಕೆ ಬಳಸಿದ ಪ್ರತಿ ಹಾಳೆಯನ್ನೂ ದಫ್ತರಿ ಖಾಜಾಸಾಬನಿಗೆ ಎಣಿಸಿ ಒಪ್ಪಿಸಬೇಕು. ದಫ್ತರಿ ಎಂದರೆ ಕಡತ ಕಟ್ಟಿ ಜೋಡಿಸಿ ಇಡುವವನು. ಅವನು ಸಂಜೆ ಕಚೇರಿಯ ಹಿಂದಿನ ಗೋಡೆಯ ಬಳಿ ಹಳೇ ಕಬ್ಬಿಣದ ಬುಟ್ಟಿಯಲ್ಲಿ ಅವನ್ನು ಸುಟ್ಟು, ಎಷ್ಟು ಬಂದವು, ಎಷ್ಟು ಸುಟ್ಟವು ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುತ್ತಿದ್ದ. ಸಹಿ ಉರ್ದುವಿನಲ್ಲಿ ಇರುತ್ತಿತ್ತು. ಬೂದಿಯನ್ನೂ ಕೋಲಿನಿಂದ ಕದಡುತ್ತಿದ್ದ. "ಸುಟ್ಟ ಕಾಗದದ ಮ್ಯಾಲೂ ಅಕ್ಷರ ಹೊಳೀತಾವ ಸಾಬ್" ಎನ್ನುತ್ತಿದ್ದ.

ಭೂಸುಧಾರಣೆ ಕಾಯ್ದೆಯ ಕೆಲಸ ಜೋರಾಗಿದ್ದ ಕಾಲ. ಮಿತಿಗಿಂತ ಹೆಚ್ಚು ಹೊಲ ಇದ್ದವರು ಅದನ್ನು ನೆಂಟರ ಹೆಸರಿಗೆ, ಆಳುಗಳ ಹೆಸರಿಗೆ, ಕಡೆಗೆ ಸತ್ತವರ ಹೆಸರಿಗೂ ಬರೆಸಿ ಮುಚ್ಚಿಡುತ್ತಿದ್ದರು. ದೇವದುರ್ಗ ತಾಲೂಕಿನಲ್ಲಿ ಅರಕೇರಾದ ಆಚೆಗಿನ ಒಂದು ಊರಿನ ದೊಡ್ಡ ಮನೆತನದ ಮೇಲೆ ಅಂಥ ಗುಮಾನಿ ಇತ್ತು. ಸಾಕ್ಷಿ ಇರಲಿಲ್ಲ. ಮೈಸೂರು ಕಡೆಯಿಂದ ಬಂದಿದ್ದ ನಮ್ಮ ಸಾಹೇಬರು ಗುಟ್ಟಾಗಿ ವಿಚಾರಿಸಿ, ಆ ಊರಿನ ಕುರಿಗಾರ ಬೀರಪ್ಪನನ್ನು ದೇವದುರ್ಗದ ಪ್ರವಾಸಿ ಬಂಗಲೆಗೆ ಕರೆಸಿದರು. ವೆಂಕಟರಾಯರು, ನಾನು, ನನ್ನ ಟೈಪ್ ಮಿಷನ್ ಜೀಪಿನಲ್ಲಿ ಹೋದೆವು.

ಬೀರಪ್ಪನಿಗೆ ಆಗ ಐವತ್ತು ದಾಟಿರಬೇಕು. ಹೆಗಲ ಮೇಲೆ ಕರಿ ಕಂಬಳಿ. ಜೊತೆಗೆ ಅವನ ತಮ್ಮ ಹನುಮಪ್ಪ ಬಂದಿದ್ದ. ಸಾಹೇಬರು ತಮ್ಮನನ್ನು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ ಬಾಗಿಲು ಹಾಕಿಸಿದರು.

"ಮೂವತ್ತು ವರ್ಷ ಅವರ ಕುರಿ ಕಾಯ್ದೀನ್ರಿ. ಯಾವ ಬದು ಯಾರದು ನನ್ನ ಕಾಲಿಗಿ ಗೊತ್ತದ. ಆ ಮನ್ಯಾಗಿನ ಮುದುಕಪ್ಪ ಸತ್ತು ಹನ್ನೆರಡು ವರ್ಷಾತು. ಕಾಗದದಾಗ ಇನ್ನಾ ಹೊಲ ಮಾಡಾಕತ್ತಾನಂತ. ಸತ್ತವರು ಹೊಲ ಉಳತಾರೇನ್ರಿ?" ಎಂದ ಬೀರಪ್ಪ.

ವೆಂಕಟರಾಯರು ನಕ್ಕುಬಿಟ್ಟರು. ಬೀರಪ್ಪ ನಗಲಿಲ್ಲ.

"ಆದ್ರ ನನ್ನ ಹೆಸರು ಬರ್ಕೋಬ್ಯಾಡ್ರಿ. ಅವರ ಬಾವ್ಯಾಗ ನನ್ನ ಕುರಿ ನೀರು ಕುಡೀತಾವ. ಅವರ ದಾರ್ಯಾಗ ನಾ ಮನಿಗಿ ಹೋಗಬೇಕು."

ಸಾಹೇಬರು ತಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. "ಹೆಸರಿಲ್ಲದ ಹೇಳಿಕೆಗೆ ಬೆಲೆ ಇಲ್ಲ, ಬೀರಪ್ಪ. ಆದರೆ ನಿನ್ನ ಹೆಸರು ಮೂರೇ ಜನಕ್ಕೆ ಗೊತ್ತಿರುತ್ತೆ. ನನಗೆ, ಈ ಶಿರಸ್ತೇದಾರರಿಗೆ, ಈ ಟೈಪಿಸ್ಟಿಗೆ. ನಾಲ್ಕನೆಯವನಿಗೆ ಗೊತ್ತಾಗಲ್ಲ. ಇದು ನನ್ನ ಮಾತು."

ಬೀರಪ್ಪ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಆಮೇಲೆ ಹೇಳತೊಡಗಿದ. ನಾನು ಟೈಪ್ ಮಾಡತೊಡಗಿದೆ. ನಡುವೆ ಒಮ್ಮೆ ತಡೆದು ನನ್ನನ್ನು ಕೇಳಿದ: "ಯಪ್ಪಾ, ನಿನ್ನ ಮಿಷನ್ ಭಾಳ ಸಪ್ಪಳ ಮಾಡತದ. ನನ್ನ ಹೆಸರು ಹೊರಗ ಕೇಳಸಂಗಿಲ್ಲಲ್ಲ?"

"ಇಲ್ಲ ಕಾಕಾ, ಅದಕ್ಕ ಬಾಯಿಲ್ಲ" ಎಂದೆ.

ಮುಖ್ಯ ಹೇಳಿಕೆ ಎಂದು ಎರಡು ಹೊಸ ಕಾರ್ಬನ್ ಹಾಕಿ ಮೂರು ಪ್ರತಿ ತೆಗೆದಿದ್ದೆ. ಓದಿ ನೋಡುವಾಗ ಒಂದು ತಪ್ಪು ಕಂಡಿತು. ಸರ್ವೆ ನಂಬರು ನಲವತ್ತೇಳು ಎಂದು ಇರಬೇಕಾದಲ್ಲಿ ಎಪ್ಪತ್ತನಾಲ್ಕು ಎಂದು ಬಡಿದಿದ್ದೆ. ಮೂರೂ ಪ್ರತಿಗಳಲ್ಲಿ ಪೆನ್ನಿನಿಂದ ತಿದ್ದಿದೆ, ಸಾಹೇಬರು ಪಕ್ಕಕ್ಕೆ ಸಹಿ ಹಾಕಿದರು. ಬೀರಪ್ಪ ಹೆಬ್ಬೆಟ್ಟು ಒತ್ತಿ, ತಮ್ಮನನ್ನು ಕರೆದುಕೊಂಡು ಹೋದ.

ಆಗಷ್ಟೇ ನನಗೆ ಮದುವೆಯಾಗಿತ್ತು. ಹೆಂಡತಿ ಶಾಂತಾ ಮಾನ್ವಿಯವಳು. ಅವಳ ಕೈಯಲ್ಲಿ ಕಸೂತಿ ಬಹಳ ಚೆನ್ನಾಗಿತ್ತು. ದಿಂಬಿನ ಚೀಲದ ಮೇಲೆ ಎದುರುಬದುರು ಕೂತ ಗಿಳಿಗಳು, ನಡುವೆ ಹೂವಿನ ಬಳ್ಳಿ. ಬಟ್ಟೆಯ ಮೇಲೆ ಚಿತ್ರ ಇಳಿಸಲು ಕಾರ್ಬನ್ ಬೇಕು. ಊರಿನಲ್ಲಿ ಯಾವ ಕಚೇರಿಯ ಗುಮಾಸ್ತನ ಮನೆಗೆ ಹೋದರೂ ಹೆಂಗಸರ ಹೊಲಿಗೆ ಡಬ್ಬಿಯಲ್ಲಿ ಕಚೇರಿಯ ಕಾರ್ಬನ್ ಇರುತ್ತಿತ್ತು. ಅದನ್ನು ಯಾರೂ ತಪ್ಪು ಎಂದುಕೊಳ್ಳುತ್ತಿರಲಿಲ್ಲ.

"ನೀವು ತರೋ ಹಳೇದು ಮೂಡಂಗೇ ಇಲ್ಲ. ಗಿಳಿ ಕಾಗಿ ಆಗ್ಯಾವ. ಒಂದು ಛಲೋದು ತರ್ರಿ ಅಂದ್ರ ನಿಮ್ಮ ಸರ್ಕಾರ ಮುಳಗತದೇನು?" ಎಂದು ಅವಳು ಆ ವಾರವಿಡೀ ಛೇಡಿಸಿದ್ದಳು.

ರಾಯಚೂರಿಗೆ ಮರಳಿದ ಮೇಲೆ ಆ ಎರಡು ಹೊಸ ಕಾರ್ಬನ್ ನನ್ನ ಕೈಯಲ್ಲಿದ್ದವು. ಒಂದೇ ಸಲ ಬಳಸಿದವು, ಇನ್ನೂ ಮಿರುಗುತ್ತಿದ್ದವು. ಒಂದನ್ನು ಸುಡಲು ಕೊಟ್ಟೆ. ಇನ್ನೊಂದನ್ನು ಮಡಚದೆ ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಗಿಳಿಯ ಗೆರೆ ಎಳೆದರೆ ಅಕ್ಷರ ಅಳಿದುಹೋಗುತ್ತವೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಖಾಜಾಸಾಬ್ ರಿಜಿಸ್ಟರ್ ಹಿಡಿದು ನಿಂತ. "ಎರಡು ಒಯ್ದಿದ್ರಿ ಸಾಬ್. ಒಂದು ಕಮ್ಮಿ ಅದ."

"ಹರದು ಹೋತು. ಎರಡು ಅಂತ ಬರ್ಕೋ."

"ಹರದಿದ್ರ ತುಂಡು ಕೊಡ್ರಿ. ತುಂಡೂ ಸುಡಬೇಕು."

"ಎಲ್ಲಾ ಬಿಟ್ಟು ನನ್ನ ಮ್ಯಾಲ ಗುಮಾನಿ ಏನೋ ನಿನಗ? ಬರ್ಕೋ ಅಂದ್ರ ಬರ್ಕೋ."

ಅವನು ಬರೆದುಕೊಂಡ. ಎರಡು ಬಂದವು, ಎರಡು ಸುಟ್ಟವು. ಕೆಳಗೆ ತನ್ನ ಸಹಿ ಹಾಕಿದ.

ಶಾಂತಾ ಕಸೂತಿಯ ಸಾಮಾನೆಲ್ಲ ಕಟ್ಟಿಕೊಂಡು ಹಬ್ಬಕ್ಕೆ ತವರಿಗೆ ಹೋಗಿ ಬಂದಳು. ಊಟಕ್ಕೆ ಬಡಿಸುತ್ತ, "ಆ ಛಲೋ ಕಾರ್ಬನ್ ಹೋತ್ರಿ. ನಮ್ಮ ಓಣಿ ಹುಡುಗಿ ಒಬ್ಬಾಕಿ ಗಿಳಿ ತಕ್ಕೋತೀನಿ ಅಂತ ಒಯ್ದು ಕೊಡಲೇ ಇಲ್ಲ. ಅವರ ಬೀಗರು ದೇವದುರ್ಗ ಕಡಿ ಭಾಳ ದೊಡ್ಡ ಮಂದಿಯಂತ, ಒಂದು ಕಾರ್ಬನ್ನಿಗಿ ಗತಿ ಇಲ್ಲ ನೋಡ್ರಿ" ಎಂದಳು. ಯಾವ ಊರಿನ ಬೀಗರು ಎಂದು ನಾನು ಕೇಳಲಿಲ್ಲ. ಅನ್ನ ಕಲಸಿಕೊಳ್ಳುತ್ತಿದ್ದೆ.

ತಿಂಗಳೊಪ್ಪತ್ತಿನಲ್ಲಿ ಬೀರಪ್ಪ ರಾಯಚೂರಿನ ಕಚೇರಿಗೆ ಬಂದ. ಬಲಗೈಯನ್ನು ಹಳೇ ಧೋತರದ ತುಂಡಿನಲ್ಲಿ ಕೊರಳಿಗೆ ತೂಗುಹಾಕಿಕೊಂಡಿದ್ದ. ಮೊಣಕೈ ಮುರಿದಿತ್ತು. ಕುರಿಗಳಿಗೆ ಬಾವಿಯ ನೀರು ಬಂದ್ ಆಗಿತ್ತು. ಅವನು ಕೂಗಾಡಲಿಲ್ಲ. ಸಾಹೇಬರ ಮೇಜಿನ ಮುಂದೆ ನಿಂತು ಒಂದೇ ಮಾತು ಕೇಳಿದ.

"ಮೂರು ಮಂದಿ ಅಂದಿದ್ರಿ. ನಾಕನೇದವ ಯಾರ್ರಿ?"

ಸಾಹೇಬರು ವೆಂಕಟರಾಯರ ಕಡೆ ತಿರುಗಿದರು. ವೆಂಕಟರಾಯರು ಹೂಜಿ ಕಡತ ಬಿಚ್ಚಿ ಹೇಳಿಕೆಯ ಮೂರೂ ಪ್ರತಿಗಳನ್ನು ಎಣಿಸಿದರು. ನಾನು ಮಿಷನ್ನಿನ ರಿಬ್ಬನ್ ಬಿಚ್ಚಿ ಮತ್ತೆ ಸುತ್ತುತ್ತಿದ್ದೆ.

ಹೆಸರು ಎಲ್ಲಿಂದ ಹೊರಬಿತ್ತು ಎಂದು ಖಾತ್ರಿಯಾದದ್ದು ಹೊಲದ ವಿಚಾರಣೆಯ ದಿನ. ಆ ಮನೆತನದ ವಕೀಲರು ಎದ್ದು, ಕುರಿಗಾರ ಹೀಗೆ ಹೀಗೆ ಹೇಳಿದ್ದಾನೆ ಎಂದು ಹೇಳಿಕೆಯನ್ನು ಸಾಲು ಸಾಲಾಗಿ ಒಪ್ಪಿಸಿದರು. ಬಂಗಲೆಯಲ್ಲಿ ಬಾಗಿಲು ಹಾಕಿ ಆಡಿದ ಮಾತು. ಮತ್ತೆ ಹೇಳಿದರು: "ಸರ್ವೆ ನಂಬರ್ ಎಪ್ಪತ್ತನಾಲ್ಕು ಈ ಊರಲ್ಲೇ ಇಲ್ಲ. ಇದು ಸುಳ್ಳು ಹೇಳಿಕೆ."

ಎಪ್ಪತ್ತನಾಲ್ಕು ಎಂದು ಮೂರು ಪ್ರತಿಗಳಲ್ಲಿ ಎಲ್ಲೂ ಉಳಿದಿರಲಿಲ್ಲ, ಪೆನ್ನಿನಿಂದ ತಿದ್ದಿದ್ದೆವು. ಆ ತಪ್ಪು ಹಾಗೇ ಉಳಿದದ್ದು ಕಾರ್ಬನ್ನಿನಲ್ಲಿ ಮಾತ್ರ. ವೆಂಕಟರಾಯರು ಮೆಲ್ಲಗೆ ತಲೆ ಎತ್ತಿದರು. ಅವರಿಗೂ ಅದೇ ಹೊಳೆದಿತ್ತು.

ವಿಚಾರಣೆ ನಡೆಸುತ್ತಿದ್ದವರು ಬೀರಪ್ಪನನ್ನು ಕೇಳಿದರು. "ನಾ ಏನೂ ಹೇಳಿಲ್ರಿ. ನನಗೇನೂ ಗೊತ್ತಿಲ್ಲ" ಎಂದ. ಆ ಹೊಲಗಳು ಸತ್ತವರ ಹೆಸರಿನಲ್ಲೇ ಉಳಿದವು. ಅವು ಸಿಕ್ಕಿದ್ದರೆ ಊರಿನ ಹೊಲವಿಲ್ಲದವರಿಗೆ ಹಂಚಿಕೆಯಾಗುತ್ತಿದ್ದವು, ಬೀರಪ್ಪನಿಗೂ ಒಂದು ತುಂಡು ಬರುತ್ತಿತ್ತು. ಅವನು ಉಳಿದ ಕುರಿಗಳನ್ನು ಹೊಡೆದುಕೊಂಡು ಊರು ಬಿಟ್ಟ ಎಂದು ಆಮೇಲೆ ಕೇಳಿದೆ.

ಕಚೇರಿಯಲ್ಲಿ ತನಿಖೆ ಆಯಿತು. ಕಾರ್ಬನ್ ಸುಡುವವನು ಖಾಜಾಸಾಬ್, ಸಹಿಯೂ ಅವನದೇ. "ಬಂದಿದ್ದೆಲ್ಲ ಸುಟ್ಟೀನ್ರೀ ಸಾಬ್" ಎಂದಷ್ಟೇ ಹೇಳಿದ. ಹೇಳಿ ನನ್ನ ಕಡೆ ನೋಡಿದ. ಬಹಳ ಹೊತ್ತು ನೋಡಿದ. ನಾನು ಬಾಯಿ ಬಿಡಲಿಲ್ಲ. ನನ್ನ ಪ್ರೊಬೇಷನ್ ಮುಗಿದಿರಲಿಲ್ಲ, ಮನೆಯಲ್ಲಿ ಶಾಂತಾ ಬಸುರಿ, ಇವೆಲ್ಲ ಆಗ ದೊಡ್ಡ ಕಾರಣಗಳಾಗಿ ಕಂಡವು. ಅವನ ಸೇವಾ ಪುಸ್ತಕದಲ್ಲಿ ಕೆಂಪು ಮಸಿಯ ಎರಡು ಸಾಲು ಬಿದ್ದವು. ದೇವದುರ್ಗಕ್ಕೆ ವರ್ಗವಾಯಿತು. ಅವನ ಹೆಂಡತಿ ಮಕ್ಕಳು ರಾಯಚೂರಿನಲ್ಲೇ ಉಳಿದರು.

ಶಾಂತಾಗೂ ಹೇಳಲಿಲ್ಲ. ಗಿಳಿಗಳ ದಿಂಬಿನ ಚೀಲ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಇತ್ತು. ಅದರ ಮೇಲೆ ತಲೆ ಇಟ್ಟು ಮಲಗಿದವನು ನಾನೇ.

ಎಂಬತ್ತರ ದಶಕದ ಕೊನೆಗೆ ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು. ಅಷ್ಟರಲ್ಲಿ ವೆಂಕಟರಾಯರು ತೀರಿಕೊಂಡಿದ್ದರು, ಗೌಪ್ಯ ಶಾಖೆ ನನ್ನ ಕೈಯಲ್ಲಿತ್ತು. ಖಾಜಾಸಾಬ್ ಮರಳಿ ರಾಯಚೂರಿಗೆ ಬಂದಿದ್ದ. ಒಂದು ಕೋಣೆಗೆ ತಂಪು ಯಂತ್ರ ಹಾಕಿ, ಗೋಡೆಗುಂಟ ಕಪ್ಪು ವೈರು ಎಳೆದು, ಮೂರು ಮೇಜಿನ ಯಂತ್ರಗಳನ್ನು ಒಂದು ದೊಡ್ಡ ಯಂತ್ರಕ್ಕೆ ಜೋಡಿಸಿದರು. ಆಯುಧ ಪೂಜೆಗೆ ಅವಕ್ಕೆ ಕುಂಕುಮ ಹಚ್ಚಿದೆವು. ಒಳಗೆ ಹೋಗುವವರೆಲ್ಲ ಚಪ್ಪಲಿ ಹೊರಗೆ ಬಿಡಬೇಕು ಎಂದು ಬೋರ್ಡು ಹಾಕಿದ್ದರು, ಆಗಿದ್ದ ಹೊಸ ಸಾಹೇಬರೂ ಬಿಡುತ್ತಿದ್ದರು. ಆದರೆ ಅದೇ ಸಾಹೇಬರ ಪಾಸ್‌ವರ್ಡ್ ಚೀಟಿ ಅವರ ಮೇಜಿನ ಗಾಜಿನ ಕೆಳಗೆ ದೇವರ ಫೋಟೋದ ಪಕ್ಕ ಇತ್ತು. ಚಹಾ ತರುವವನಿಗೂ ಅದು ಬಾಯಿಪಾಠ.

ಕಲಿಸಲು ಬಂದವಳು ಸುನಂದಾ. ಇಂಜಿನಿಯರಿಂಗ್ ಓದಿ ಬಂದ ಚುರುಕು ಹುಡುಗಿ. "ಸರ್, ಇಲ್ಲಿ ಟೈಪ್ ಮಾಡಿದ್ದು ಆ ಮೂಲ್ಯಾಗಿನ ಯಂತ್ರದಾಗೂ ತೆಗೀಬಹುದು. ಕಾಗದ ಹೊತ್ತು ತಿರುಗೋ ಕೆಲಸಿಲ್ಲ" ಎಂದಳು.

"ಇದರ ಕಾರ್ಬನ್ ಎಲ್ಲಿ ಬೀಳತದವ್ವಾ?" ಎಂದೆ.

ಅವಳು ನಕ್ಕಳು. ಇತರರೂ ನಕ್ಕರು. "ಕಾರ್ಬನ್ ಇಲ್ರೀ ಸರ್. ಆ ಕಾಲ ಹೋತು."

"ಕಾಲ ಹೋಗಲಿ. ಬರದಿದ್ದು ಎಲ್ಲ್ಯಾರ ಅಂಟಿಕೊಂಡಿರಲೇಬೇಕು. ಅದನ್ನ ತೋರಸು."

ಮೂರು ದಿನ ಅದನ್ನೇ ಕೇಳಿದೆ. ಹಟಕ್ಕೆ ಬಿದ್ದು ಅವಳೂ ಹುಡುಕಿದಳು. ಮೂರನೆಯ ದಿನ ಅವಳ ಮುಖದ ನಗು ಹೋಯಿತು. ಪ್ರಿಂಟ್ ತೆಗೆಯಲು ಕಳಿಸಿದ ಪ್ರತಿ ಪತ್ರದ ಒಂದು ನಕಲು ದೊಡ್ಡ ಯಂತ್ರದಲ್ಲಿ ಉಳಿದುಬಿಡುತ್ತಿತ್ತು. ಎಲ್ಲರೂ ಬಳಸುವ ಜಾಗದಲ್ಲಿ, ಯಾವ ಮೇಜಿನಿಂದಲಾದರೂ ತೆರೆಯುವಂತೆ. ಅವಳು ಒಂದನ್ನು ತೆರೆದಳು. ಹಿಂದಿನ ವಾರ ನಾನೇ ಟೈಪ್ ಮಾಡಿಸಿ, ನನ್ನ ಯಂತ್ರದಿಂದ ಅಳಿಸಿಹಾಕಿಸಿದ್ದ ಪಟ್ಟಿ. ಬೇರೊಂದು ಪ್ರಕರಣದಲ್ಲಿ ದೂರು ಕೊಟ್ಟವರ ಹೆಸರುಗಳು, ಊರುಗಳ ಸಮೇತ.

"ನೀವು ಕೇಳಿದ್ದು ಛಲೋ ಆತು ಸರ್" ಎಂದಳು ಸಣ್ಣ ದನಿಯಲ್ಲಿ.

ಅವತ್ತೇ ಎಲ್ಲ ಅಳಿಸಿದಳು. ಪಾಸ್‌ವರ್ಡ್‌ಗಳನ್ನು ಬದಲಿಸಿದಳು. ಗಾಜಿನ ಕೆಳಗಿನ ಚೀಟಿಯನ್ನು ನಾನೇ ತೆಗೆದೆ. ಹೆಸರುಗಳಿರುವ ಕಾಗದ ಟೈಪ್ ಮಾಡುವಾಗ ನಮ್ಮ ಯಂತ್ರದ ವೈರನ್ನು ಕಿತ್ತಿಡುವುದು ಎಂಬ ನನ್ನ ಹಳ್ಳಿ ಬುದ್ಧಿಯನ್ನೂ ಅವಳು ಒಪ್ಪಿದಳು. ಕೆಲಸಕ್ಕೆ ಸೇರುವ ನಿಮಗೆ ನಾನು ಹೇಳುವುದು ಇಷ್ಟೇ. ಯಂತ್ರ ಯಾವುದೇ ಇರಲಿ, ಅದರ ಕಾರ್ಬನ್ ಎಲ್ಲಿ ಬೀಳುತ್ತದೆ ಎಂದು ಕೇಳಿ. ನಗುವವರು ನಗಲಿ.

ಸಾಹೇಬರು ಎಲ್ಲರ ಮುಂದೆ ನನ್ನನ್ನು ಹೊಗಳಿದರು. ಮೆಚ್ಚುಗೆ ಪತ್ರ ಕೊಡಿಸುತ್ತೇನೆ ಎಂದರು. ಖಾಜಾಸಾಬ್ ಬಾಗಿಲಲ್ಲಿ ಬರಿಗಾಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಎಲ್ಲರೂ ಹೋದ ಮೇಲೆ ಒಳಗೆ ಬಂದು ಯಂತ್ರವನ್ನು ನೋಡುತ್ತ ಕೇಳಿದ.

"ಸಾಬ್, ಇದರಾಗ ಒಂದು ಕಮ್ಮಿ ಬಿದ್ರ ಯಾರು ಬರ್ಕೋತಾರ್ರಿ?"

ದನಿಯಲ್ಲಿ ಚುಚ್ಚು ಇರಲಿಲ್ಲ. ನಾನು ಕುರ್ಚಿ ಹಿಡಿದು ಕುಳಿತೆ. "ಖಾಜಾ, ಅದು ನಾನು. ಮನಿಗಿ ಒಯ್ದಿದ್ದೆ. ಗಿಳಿ ತಗಿಯಾಕ."

"ಗೊತ್ತದ ಸಾಬ್. ಗಿಳಿ ಅಂತ ಗೊತ್ತಿರಲಿಲ್ಲ. ನೀವು ಅಂತ ಆವತ್ತೇ ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ರಿಜಿಸ್ಟರ್‌ದಾಗ ಸಹಿ ನಂದದ. ನಾ ಹೇಳಿದ್ರ ಸುಳ್ಳ ಆಗತಿತ್ತು. ನೀವು ಹೇಳಿದ್ರ ಖರೇ ಆಗತಿತ್ತು." ತಂಬಿಗೆಯನ್ನು ಮೇಜಿನ ಮೇಲೆ ಇಟ್ಟ. "ನನಗ್ಯಾಕ ಹೇಳ್ತೀರಿ? ಗೊತ್ತಿಲ್ಲದವರಿಗೆ ಹೇಳ್ರಿ."

ಮರುದಿನ ತಪ್ಪೊಪ್ಪಿಗೆ ಬರೆದು ಸಾಹೇಬರಿಗೆ ಕೊಟ್ಟೆ. ಅವರು ಓದಿ ಮುಖ ಸಣ್ಣದು ಮಾಡಿಕೊಂಡರು. ಆ ಹಳೆಯ ಕಡತ ನಾಶವಾಗಿದೆ, ತನಿಖೆ ಮಾಡಿದವರು ಯಾರೂ ಉಳಿದಿಲ್ಲ, ಈಗ ಇದನ್ನು ಎತ್ತಿದರೆ ನಿಮಗೂ ತೊಂದರೆ, ಅವನಿಗೂ ತೊಂದರೆ ಎಂದು ಕಾಗದ ಹಿಂದಕ್ಕೆ ಕೊಟ್ಟರು. ಅದನ್ನೇ ಕಾಯುತ್ತಿದ್ದವನ ಹಾಗೆ ನಾನು ಮಡಚಿ ಜೇಬಿಗಿಟ್ಟುಕೊಂಡೆ. ಖಾಜಾಸಾಬ್ ಆ ಕೆಂಪು ಸಾಲುಗಳ ಜೊತೆಯೇ ನಿವೃತ್ತನಾದ. ಇದು ನನ್ನ ಎರಡನೆಯ ತಪ್ಪು. ಮೊದಲನೆಯದನ್ನು ಹರೆಯದ ತಲೆ ಮೇಲೆ ಹಾಕಬಹುದು, ಇದನ್ನು ಹಾಕಲು ಏನೂ ಇಲ್ಲ.

ಬೀರಪ್ಪನನ್ನು ಹುಡುಕಲು ಮಾತ್ರ ಹೊರಟೆ. ಅವನು ಮಾನ್ವಿ ತಾಲೂಕಿನ ಬಾಗಲವಾಡದಲ್ಲಿ ಮಗಳ ಮನೆಯಲ್ಲಿದ್ದ. ಮುರಿದ ಕೈ ನೆಟ್ಟಗೆ ಕೂಡಿರಲಿಲ್ಲ. ಕಟ್ಟೆಯ ಮೇಲೆ ಕೂತು ಉಣ್ಣೆಯ ದಾರ ನೂಲುತ್ತಿದ್ದ. ನಾನು ಯಾರೆಂದು ಹೇಳಿದಾಗ, "ಆ ಸಪ್ಪಳ ಮಾಡೋ ಮಿಷನ್ನಿನಾಂವ" ಎಂದು ಗುರುತು ಹಿಡಿದ. ಮಗಳು ನೀರು ತಂದುಕೊಟ್ಟಳು. ನಾನು ಕುಡಿಯದೆ ಎಲ್ಲ ಹೇಳಿದೆ. ಗಿಳಿ, ಹೆಂಡತಿ, ಮಾನ್ವಿಯ ಹುಡುಗಿ, ಖಾಜಾಸಾಬ್. ಕೊನೆಗೆ, "ನಾಕನೇದವ ಯಾರು ಅಂತ ಕೇಳಿದ್ದಿ. ನಾಕನೇದವ ನಾನೇ ಕಾಕಾ" ಎಂದೆ.

ಅವನು ದಾರ ಕೆಳಗಿಟ್ಟ. ಬೆರಳು ಮಡಚಿ ಎಣಿಸಿದ.

"ಇಲ್ಲ. ಸಾಹೇಬ ಒಬ್ಬ, ಮುದುಕ ಶಿರಸ್ತೇದಾರ ಒಬ್ಬ, ನೀ ಒಬ್ಬ. ನೀ ಮೂರರಾಗ ಇದ್ದಿ." ನಾಲ್ಕನೆಯ ಬೆರಳನ್ನು ಮಡಚದೆ ಹಿಡಿದ. "ನಾಕನೇದವ ಇರಲೇ ಇಲ್ಲಲ್ಲೋ ಯಪ್ಪಾ. ಮೂರು ಮಂದಿ ದೊಡ್ಡವರು ಬಾಯಿ ಬಿಡಂಗಿಲ್ಲ ಅಂತ ನಂಬಿದ್ದೆ. ಅದಕ್ಕ ನಾಕನೇದವ ನನ್ನ ತಮ್ಮ ಹನುಮ ಅಂತ ತಿಳಕೊಂಡೆ. ಬೇವಿನ ಗಿಡದ ಬುಡಕ ಕುಂತು ಕೇಳಿಸಿಕೊಂಡು ಅವನೇ ಹೇಳ್ಯಾನ ಅಂತ. ಕಾಲು ಹಿಡದು ಅತ್ತ. ನಂಬಲಿಲ್ಲ. ಆವತ್ತಿನಿಂದ ಅವನ ಕೂಡ ಮಾತಿಲ್ಲ. ಅವನ ಮಗಳ ಮದುವಿಗೂ ಹೋಗಲಿಲ್ಲ."

ಇಷ್ಟು ವರ್ಷ ನಾನು ಮುರಿದ ಕೈಯೊಂದನ್ನೇ ಲೆಕ್ಕಕ್ಕೆ ಹಿಡಿದಿದ್ದೆ.

"ಹನುಮ ಶಕ್ತಿನಗರದ ಕರೆಂಟಿನ ಕಾರ್ಖಾನ್ಯಾಗ ಬೂದಿ ಹೊರೋ ಗುತ್ತಿಗಿ ಕೂಲಿ ಮಾಡತಾನ" ಎಂದು ಬೀರಪ್ಪ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡ. "ನಡಿ. ಇದನ್ನ ಅವನ ಮುಂದ ಹೇಳು."

ರಾಯಚೂರಿಗೆ ಬಂದು ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಅವನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಸಂಜೆಗೆ ಸ್ವಲ್ಪ ಮೊದಲು ಶಕ್ತಿನಗರ ಮುಟ್ಟಿದೆವು. ಕೂಲಿಗಳ ತಗಡಿನ ಶೆಡ್ಡುಗಳ ಸಾಲಿನಲ್ಲಿ ಹನುಮಪ್ಪ ಕೆಲಸ ಮುಗಿಸಿ ಬಂದು ಕೊಡದ ನೀರಿನಿಂದ ಕೈಕಾಲಿನ ಬೂದಿ ತೊಳೆದುಕೊಳ್ಳುತ್ತಿದ್ದ. ಅಣ್ಣನನ್ನು ಕಂಡು ತಂಬಿಗೆ ಹಿಡಿದ ಕೈ ಹಾಗೇ ನಿಂತಿತು.

ನಾನು ನಿಂತುಕೊಂಡೇ ಹೇಳಿದೆ. ಬಾಗಲವಾಡದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದೆ. ಗಿಳಿಯ ಮಾತು, ಹೆಂಡತಿಯ ಮಾತು ಬಿಟ್ಟೆ. ನಾನು ಒಯ್ದೆ, ನನ್ನಿಂದ ಹೋಯಿತು, ನಿನ್ನಿಂದ ಅಲ್ಲ ಎಂದೆ. ಅವನು ಪೂರ್ತಿ ಕೇಳಿದ. ನನ್ನ ಮುಖ ನೋಡಲಿಲ್ಲ. ಅಣ್ಣನನ್ನೇ ನೋಡುತ್ತಿದ್ದ.

ಬೀರಪ್ಪ ಕಂಬಳಿಯನ್ನು ಹೆಗಲಿನಿಂದ ಇಳಿಸಿ ತಮ್ಮನ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟ.

ಹನುಮಪ್ಪ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡ. "ಮುಂಜಾನೆ ಬಿಟ್ಟೀಯೇನಣ್ಣಾ? ಏನರ ಉಂಡೀಯೋ ಇಲ್ಲೋ?" ಎಂದು ಕೇಳಿ, ಅಣ್ಣನ ಸೊಟ್ಟ ಕೈಯನ್ನು ಹಿಡಿದು ಒಳಗೆ ಕರೆದುಕೊಂಡು ಹೋದ.

ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ. ಬಾಗಿಲಿನ ಹೊರಗೆ ಸ್ವಲ್ಪ ಹೊತ್ತು ನಿಂತೆ. ಒಳಗಿನಿಂದ ಇಬ್ಬರ ದನಿಯೂ ಕೇಳಿಸತೊಡಗಿದಾಗ, ಅದು ನಾನು ಕೇಳಬಾರದ ಮಾತು ಎಂದು ಬಸ್ಸಿನ ಕಡೆಗೆ ನಡೆದೆ.